ಏರಿಯಲ್ ಭಾಯಿಯ ತಗಡಿನ ಟೋಪಿ

ಅವರ ಕತ್ತು ಯಾವಾಗಲೂ ಒಂದಿಷ್ಟು ಮೇಲಕ್ಕೆ ಎತ್ತಿಕೊಂಡೇ ಇರುತ್ತದೆ. ಪ್ರಾಯದಲ್ಲಿ ಮನೆಗಳ ಸೂರಿನ ಮೇಲೆ, ಮರದ ತುದಿಯಲ್ಲಿ ಟಿವಿ ಏರಿಯಲ್ ಕಟ್ಟಿ ಕಟ್ಟಿ, ಅದು ಯಾವ ಕಡೆ ಮುಖ ಮಾಡಿದೆ ಅಂತ ನೋಡಿ ನೋಡಿ, ಕತ್ತು ಹಾಗೇ ನಿಂತುಬಿಟ್ಟಿದೆ. ದಾರಿಯಲ್ಲಿ ನಡೆಯುವಾಗಲೂ ಕಣ್ಣು ಜನರ ಮನೆಯ ಹೆಂಚಿನ ಮೇಲೆಯೇ. ಹಾಗಾಗಿ ಕಾಲ ಬುಡದಲ್ಲಿ ಇರುವುದು ಅವರಿಗೆ ಕಾಣುವುದಿಲ್ಲ. ನಾನು ಅಂಗಳದಲ್ಲಿ ಒಣಗಲು ಹರವಿದ ಕರಿಮೆಣಸಿನ ನಡುವೆಯೇ ಎಷ್ಟೋ ಸಲ ನಡೆದುಕೊಂಡು ಬಂದು ಜಗಲಿ ಹತ್ತಿದ್ದಾರೆ. ನಮ್ಮ ಕೋಳಿಗಳು ಅವರನ್ನು ಕಂಡರೆ ತಾವೇ ಪಕ್ಕಕ್ಕೆ ಸರಿದು ನಿಲ್ಲುತ್ತವೆ.

ಕೊಡ್ಲಿಪೇಟೆ ಕಡೆಯ ನಮ್ಮ ಊರಿನಲ್ಲಿ ಎಲ್ಲರಿಗೂ ಅವರು ಏರಿಯಲ್ ಭಾಯಿ. ಮಕ್ಕಳಿಗೆ ಏರಿಯಲ್ ತಾತ. ಬೇರೆಯವರು ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಇವರು ಕರೆಂಟು ನೋಡುವ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಾರೆ. ಮದುವೆ ಮನೆಗೂ ಹಾಗೇ, ಸಾವಿನ ಮನೆಗೂ ಹಾಗೇ. ನಮ್ಮ ಮನೆ ಹಳ್ಳದ ಪಕ್ಕದ ತಗ್ಗಿನಲ್ಲಿ. ಅವರ ಮನೆ ಮೇಲೆ ರಸ್ತೆಯ ಅಂಚಿನಲ್ಲಿ, ಮುಂದುಗಡೆಯೇ ಅಂಗಡಿ. ನಡುವೆ ನಮ್ಮದೇ ಒಂದು ತುಂಡು ಕಾಫಿ ತೋಟ. ನಮ್ಮ ಅಂಗಳದಲ್ಲಿ ನಿಂತು ಕೂಗಿದರೆ ಅವರ ಅಡುಗೆಮನೆಗೆ ಕೇಳುತ್ತದೆ.

ಮೊದಲ ಸಲ ನಮ್ಮ ಮನೆಗೆ ಟಿವಿ ಬಂದಾಗ ಏರಿಯಲ್ ಕಟ್ಟಿದವರು ಇವರೇ. ತಗ್ಗಿನ ಮನೆಗೆ ಚಿತ್ರ ಬರಲಿಲ್ಲ. ಇವರು ಲುಂಗಿ ಎತ್ತಿ ಕಟ್ಟಿ, ಹಿತ್ತಲಿನ ಸಿಲ್ವರ್ ಓಕ್ ಮರದ ತುದಿಗೇ ಏರಿಯಲ್ ಹೊತ್ತು ಹತ್ತಿದರು. ಮೇಲಿನಿಂದ ಅವರು 'ಬಂತಾ?' ಅಂತ ಕೂಗುವುದು, ಒಳಗಿನಿಂದ ನಾವೆಲ್ಲ 'ಇಲ್ಲ' ಅನ್ನುವುದು. ಕೊನೆಗೆ ಬಂತು. ನನ್ನ ಯಜಮಾನರು ಇದ್ದ ಕಾಲ ಅದು. ಕೆಲಸ ಮುಗಿದ ಮೇಲೆ ಭಾಯಿ ತಮ್ಮ ಚೀಲದಿಂದ ಒಂದು ಟೋಪಿ ತೆಗೆದರು. ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ, ಬಗ್ಗಿಸಿ, ಹಸಿರು ಬಣ್ಣ ಬಳಿದ ಟೋಪಿ. ವಯರು ಸೇರುವ ಜಾಗಕ್ಕೆ ಮಳೆ ಬೀಳದ ಹಾಗೆ ಅದನ್ನು ಮುಚ್ಚಿದರು. ನಮ್ಮ ಕಡೆಯ ಮಳೆಗೆ ಬಾಗಿಲ ಚಿಲಕಕ್ಕೂ ತುಕ್ಕು ಬರುತ್ತದೆ, ಇನ್ನು ಆ ವಯರು ಎಷ್ಟು ದಿನ ತಾಳೀತು? ಬೇರೆಯವರು ಕಟ್ಟಿದ ಏರಿಯಲ್ ಮಳೆಗಾಲಕ್ಕೆ ಕೆಟ್ಟರೂ ಇವರದು ಕೆಡುತ್ತಿರಲಿಲ್ಲ. ಹಸಿರು ಟೋಪಿ ಕಂಡರೆ ಸಾಕು, ಅದು ಭಾಯಿಯ ಕೆಲಸ ಅಂತ ಆಚೆ ಗುಡ್ಡದವರೂ ಹೇಳುತ್ತಿದ್ದರು. ಅವರಿಗೆ ಅದೊಂದು ಹೆಮ್ಮೆ.

ಆಮೇಲೆ ಡಿಶ್ ಬಂತು, ಮೊಬೈಲ್ ಬಂತು. ಅಂಗಡಿಯನ್ನು ಅವರ ಮಗ ನೋಡಿಕೊಳ್ಳತೊಡಗಿದ. ಇವರು ಮೂಲೆಯಲ್ಲಿ ಕೂತು ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಿಚ್ಚುತ್ತ ಬಂದವರ ಹತ್ತಿರ ಜಗಳವಾಡುತ್ತ ಇದ್ದರು. ಒಂದು ಮಳೆಗಾಲ ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮೇಲೆ ಡಿಶ್ ಸರಿ ಮಾಡಲು ಹೋಗಿ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ಭಾಬಿ, ಅಂದರೆ ಅವರ ಹೆಂಡತಿ, ಇನ್ನು ಏಣಿ ಮುಟ್ಟುವುದಿಲ್ಲ ಅಂತ ತಮ್ಮ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಅಲ್ಲಿಂದ ಭಾಯಿ ಹತ್ತುವುದು ಬಿಟ್ಟರು. ನೋಡುವುದು ಬಿಡಲಿಲ್ಲ.

ಈಗ ನನ್ನ ಮೊಮ್ಮಗಳ ವಿಷಯ ಹೇಳಬೇಕು. ಅದನ್ನು ಹೇಳದೆ ಭಾಯಿಯ ಬಗ್ಗೆ ಹೇಳಲು ನನಗೆ ಬರುವುದಿಲ್ಲ.

ಪುಟ್ಟಿ ಹುಟ್ಟುವಾಗಲೇ ಕಿವಿ ಕೇಳುತ್ತಿರಲಿಲ್ಲ. ನಮಗೆ ಗೊತ್ತಾಗಲೂ ತಡವಾಯಿತು. ಶಾಂತ ಮಗು, ಹಟ ಇಲ್ಲ ಅಂದುಕೊಂಡಿದ್ದೆವು. ಒಂದು ದಿನ ಅವಳ ಬೆನ್ನ ಹಿಂದೆಯೇ ತಾಮ್ರದ ಹಂಡೆ ಉರುಳಿ ಬಿತ್ತು. ಮಗು ತಿರುಗಲಿಲ್ಲ. ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೈಸೂರಿಗೆ ಕರೆದುಕೊಂಡು ಹೋದರು. ಓಡಾಡಿ ಓಡಾಡಿ, ಕೊನೆಗೆ ಕಿವಿಯ ಹಿಂದೆ ಆಪರೇಷನ್ ಮಾಡಿ ತಲೆಯ ಒಳಗೊಂದು ಸಣ್ಣ ಯಂತ್ರ ಇಟ್ಟರು. ಹೊರಗಿನಿಂದ ಒಂದು ಬಿಲ್ಲೆ ತಲೆಗೆ ಅಂಟಿಕೊಳ್ಳುತ್ತದೆ. ಅದರಿಂದ ಮಗುವಿಗೆ ಶಬ್ದ ಕೇಳುತ್ತದೆ. ಆದರೆ ಕೇಳಿದ ಕೂಡಲೆ ಮಾತು ಬರುವುದಿಲ್ಲ, ಈ ಶಬ್ದ ಕಾಗೆಯದು, ಇದು ಅಮ್ಮನದು ಅಂತ ಒಂದೊಂದಾಗಿ ಕಲಿಸಬೇಕು, ಅದೂ ಈ ವಯಸ್ಸಿನಲ್ಲೇ ಕಲಿಸಬೇಕು, ವಯಸ್ಸು ದಾಟಿದರೆ ಕಷ್ಟ ಅಂತ ಅಲ್ಲಿ ಮಾತು ಕಲಿಸುವ ಟೀಚರಮ್ಮ ಹೇಳಿದರು. ಮಳೆಗಾಲದಲ್ಲಿ ಅಷ್ಟು ದೂರ ವಾರವಾರ ಮಗುವನ್ನು ಹೊತ್ತು ಹೋಗಲು ಆಗದು ಅಂತ ಅವರೇ ಫೋನಿನಲ್ಲಿ ಮುಖ ತೋರಿಸಿ ಪಾಠ ಮಾಡುವುದು ಅಂತ ಆಯಿತು.

ನಮ್ಮ ತಗ್ಗಿನ ಮನೆಯಲ್ಲಿ ಫೋನಿಗೆ ಸಿಗ್ನಲ್ ಎಲ್ಲಿದೆ? ಸೊಸೆ ತೋಟದ ಮೇಲಿನ ದಿಬ್ಬಕ್ಕೆ ಮಗುವನ್ನು ಕರೆದುಕೊಂಡು ಹೋಗುತ್ತಿದ್ದಳು. ನಾನು ಕೊಡೆ ಹಿಡಿಯುತ್ತಿದ್ದೆ. ಕೊಡೆಯ ಮೇಲೆ ಮಳೆ ಬಡಿಯುವ ಸದ್ದು ಬಿಟ್ಟರೆ ಮಗುವಿಗೆ ಇನ್ನೇನೂ ಕೇಳುತ್ತಿರಲಿಲ್ಲ. ಅವಳು ತಲೆಯ ಬಿಲ್ಲೆಯನ್ನೇ ಕಿತ್ತು ಎಸೆಯುತ್ತಿದ್ದಳು. ಫೋನಿನಲ್ಲಿ ಟೀಚರಮ್ಮನ ಮುಖ ಅರ್ಧ ಬಂದು ನಿಂತುಬಿಡುತ್ತಿತ್ತು. ಪಾಠಗಳು ತಪ್ಪತೊಡಗಿದವು. ಅವರು ಒಳ್ಳೆಯವರೇ, ಆದರೆ ಸಾಲಿನಲ್ಲಿ ಕಾಯುವ ಮಕ್ಕಳು ಬಹಳ ಇದ್ದಾರೆ, ಇನ್ನೂ ತಪ್ಪಿದರೆ ಈ ಹೊತ್ತನ್ನು ಬೇರೆ ಮಗುವಿಗೆ ಕೊಡಬೇಕಾಗುತ್ತದೆ ಅಂತ ಬೇಜಾರಿನಲ್ಲೇ ಹೇಳಿದರು. ಆ ದಿನ ದಿಬ್ಬ ಇಳಿಯುವಾಗ ಸೊಸೆ ಅತ್ತಳು. ಕೊಡೆ ನನ್ನ ಕೈಯಲ್ಲಿತ್ತು, ಕಣ್ಣು ಒರೆಸಿಕೊಳ್ಳಲು ನನಗೆ ಕೈಯೇ ಇರಲಿಲ್ಲ.

ದಾರಿಯಲ್ಲಿ ಭಾಯಿ ಸಿಕ್ಕಿದರು. ಏನು ಎತ್ತ ಅಂತ ಕೇಳಿದರು. ಎಲ್ಲ ಕೇಳಿಸಿಕೊಂಡು, ಎಂದಿನಂತೆ ಮೇಲೆ ನೋಡುತ್ತ, "ನಿಮ್ಮನೇಲಿ ಒಂದು ಹಳೇ ಕಂಪ್ಯೂಟರ್ ಐತಲ್ಲ ಅಕ್ಕ?" ಅಂದರು.

ಇತ್ತು. ನನ್ನ ಮಗ ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವ ಕೆಲಸ. ಅಲ್ಲಿ ಹೊಸ ಕಂಪ್ಯೂಟರ್ ಬಂದಾಗ ಸಾಹುಕಾರರು ಹಳೆಯದನ್ನು ಇವನಿಗೆ ಕೊಟ್ಟಿದ್ದರು. ಆಯುಧಪೂಜೆಗೆ ಚೆಂಡುಹೂವು ಏರಿಸಿಕೊಂಡು, ಉಳಿದ ದಿನ ನನ್ನ ಹಳೆ ಸೀರೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಪರದೆ ದೊಡ್ಡದು, ಟೀಚರಮ್ಮನ ಮುಖ ಪೂರ್ತಿ ಕಾಣುವಷ್ಟು. ಆದರೆ ಅದಕ್ಕೆ ವಯರ್ ಇಲ್ಲದೆ ಇಂಟರ್ನೆಟ್ ಹಿಡಿಯಲು ಬರುವುದಿಲ್ಲ. ವಯರ್ ಎಳೆಯಲು ಕಂಪನಿಯವರು ಒಪ್ಪಲಿಲ್ಲ. ಲೈನ್ ರಸ್ತೆಯವರೆಗೆ ಮಾತ್ರವಂತೆ, ತೋಟದ ಒಳಗೆ ಕಂಬ ನೆಟ್ಟರೆ ಆನೆ ಉಳಿಸುವುದಿಲ್ಲವಂತೆ. ಭಾಯಿಯ ಮನೆಯಲ್ಲಿ ಇಂಟರ್ನೆಟ್ ಇತ್ತು, ವೈಫೈ ಡಬ್ಬಿಯೂ ಇತ್ತು. "ಡಬ್ಬಿನ ನಿಮ್ಮ ಕಡೆ ಕಿಟಕೀಲಿ ಇಡ್ತೀನಿ. ನಿಮ್ಮ ಮಿಶನ್ನಿಗೆ ಕಿವಿ ಇಲ್ಲ, ಅಷ್ಟೆ. ಒಂದು ಕಿವಿ ಇಟ್ಟರೆ ಆಯ್ತು" ಅಂದರು. ಅಂದವರು ನಾಲಿಗೆ ಕಚ್ಚಿಕೊಂಡರು. ಸೊಸೆಯ ಸೊಂಟದ ಮೇಲೆ ಮಗು ಇತ್ತಲ್ಲ. ಆಮೇಲೆ ಮೆಲ್ಲಗೆ ಅದರ ತಲೆ ಮುಟ್ಟಿ, "ಇವಳಿಗೆ ಇಟ್ಟಿಲ್ವಾ? ಹಂಗೇ" ಅಂದರು. ನನಗೆ ಬೇಸರವಾಗಲಿಲ್ಲ. ಆ ಮಾತನ್ನು ಅಷ್ಟು ಸಲೀಸಾಗಿ ಯಾರೂ ಆಡಿರಲಿಲ್ಲ.

ಮಾರನೆಯ ದಿನವೇ ಬಂದರು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಊದಿದರೆ ಕೋಣೆ ತುಂಬ ಧೂಳು. ಒಳಗೆ ಹಲ್ಲಿಯ ಮೊಟ್ಟೆ. ಭಾಯಿ ಯಂತ್ರಗಳ ಜೊತೆ ಮಾತಾಡುತ್ತಾರೆ. "ಏನ್ರೀ ಯಜಮಾನ್ರೆ, ಸಂಸಾರ ಹೂಡಿದೀರ ಒಳಗೆ?" ಅಂತ ಅದನ್ನು ವಿಚಾರಿಸಿಕೊಂಡರು. ಒಳಗೆ ಕೂರಿಸುವ ವೈಫೈ ಕಾರ್ಡೊಂದನ್ನು ಹಾಸನದಿಂದ ತರಿಸಿದರೆ ಅದು ಆ ಗೂಡಿಗೆ ಹೊಂದಲೇ ಇಲ್ಲ. ಈಗಿನ ಕಾರ್ಡಿನ ಹಲ್ಲೇ ಬೇರೆ, ಆಗಿನ ಗೂಡಿನ ಬಾಯೇ ಬೇರೆ. ಅದನ್ನು ವಾಪಸ್ಸು ಕಳಿಸಿ, ಪೆನ್‌ಡ್ರೈವಿನ ಹಾಗೆ ಹೊರಗಿನಿಂದ ಚುಚ್ಚುವಂಥದ್ದನ್ನು ತರಿಸಿದರು. ಅದಕ್ಕೊಂದು ಕಪ್ಪು ಕಡ್ಡಿ, ಪುಟ್ಟ ಏರಿಯಲ್ಲೇ. ಅದನ್ನು ಕಂಡು ಭಾಯಿಯ ಮುಖ ನೋಡಬೇಕಿತ್ತು, ಬಹಳ ದಿನದ ಮೇಲೆ ನೆಂಟರು ಬಂದ ಹಾಗಿತ್ತು.

ಕಂಪ್ಯೂಟರಿನ ಮುಂಭಾಗದಲ್ಲಿ ಚುಚ್ಚಿದರೆ ಅದರ ದೀಪ ಹತ್ತಿ ಹತ್ತಿ ಆರುತ್ತಿತ್ತು. ಮುಂದಿನ ತೂತಿನಲ್ಲಿ ಕರೆಂಟು ಸಾಲುತ್ತಿಲ್ಲ ಅಂತ ಹಿಂದೆ ಚುಚ್ಚಿದರು, ದೀಪ ನಿಂತಿತು. ಆದರೂ ಹಳೆ ಕಂಪ್ಯೂಟರು ಹೊಸ ಕಡ್ಡಿಯನ್ನು ಗುರುತು ಹಿಡಿಯಲಿಲ್ಲ. ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ಮಗ ಎಸ್ಟೇಟ್ ಆಫೀಸಿನಿಂದ ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬಂದು ಹಾಕಿದ. ಆಗ ಗುರುತು ಹಿಡಿಯಿತು. ಮೂಲೆಯ ಮಣ್ಣಿನ ಗೋಡೆ ದಪ್ಪ, ಸಿಗ್ನಲ್ ಒಂದೇ ಗೆರೆ. ಭಾಯಿ ಉದ್ದನೆಯ ವಯರು ಸೇರಿಸಿ ಕಡ್ಡಿಯನ್ನು ಹೆಂಚಿನ ಸಂದಿನಿಂದ ಹೊರಗೆ, ತಮ್ಮ ಮನೆಗೆ ಮುಖ ಮಾಡಿ ನಿಲ್ಲಿಸಲು ಹೇಳಿದರು. ಆಣೆ ನೆನಪಿತ್ತು, ಹತ್ತಿದವನು ನನ್ನ ಮಗ. ಇವರು ಅಂಗಳದಲ್ಲಿ ನಿಂತು ಬೈದರು. ಗೆರೆ ತುಂಬಿತು. ಅಂಗಡಿಯಿಂದ ತಂದ ಪುಟ್ಟ ಕ್ಯಾಮೆರಾ, ಮೈಕು, ಸ್ಪೀಕರನ್ನೂ ಸೇರಿಸಿದರು. ಯಾರೋ ಊಟ ಮಾಡುವ ಒಂದು ವಿಡಿಯೋ ತಡವರಿಸದೆ ಓಡಿತು. ನಾನು ಬೆಲ್ಲದ ಕಾಫಿ ಕೊಟ್ಟೆ. ಕೆಲಸ ಆಗದೆ ಭಾಯಿ ಯಾರ ಮನೆಯಲ್ಲೂ ಕಾಫಿ ಮುಟ್ಟುವುದಿಲ್ಲ. ಅವತ್ತು ಎರಡನೇ ಸಲ ಹಾಕಿಸಿಕೊಂಡು ಕುಡಿದರು. ಹೊರಡುವ ಮುಂಚೆ ಚೀಲದಿಂದ ಹಸಿರು ಟೋಪಿ ತೆಗೆದು ಮಗನ ಕೈಗೆ ಕೊಟ್ಟು, "ಇದನ್ನ ಕಡ್ಡಿ ಮೇಲೆ ಮುಚ್ಚಿ ಇಳಿ ಮಾರಾಯ, ರಾತ್ರಿ ಮಳೆ ಬತ್ತದೆ" ಅಂದರು. ಎಣ್ಣೆ ಡಬ್ಬದ ಅದೇ ತಗಡು, ಅದೇ ಬಣ್ಣ. ಕಡ್ಡಿ ಪೂರ್ತಿ ಒಳಗೆ ಅಡಗಿತು.

ಬೆಳಿಗ್ಗೆ ಮಗ ಕೆಲಸಕ್ಕೆ ಹೋದ. ಪಾಠದ ಹೊತ್ತಿಗೆ ಸೊಸೆ ಕಂಪ್ಯೂಟರ್ ಹಾಕಿದರೆ ಏನೂ ಇಲ್ಲ. ಆರಿಸಿ ಹಾಕಿದಳು. ಇಲ್ಲ. ಟೀಚರಮ್ಮ ಅಲ್ಲಿ ಕಾದು ಕೂತಿರುತ್ತಾರೆ, ಇದು ಕೊನೆಯ ಅವಕಾಶ ಅಂತ ನಮಗಿಬ್ಬರಿಗೂ ಗೊತ್ತಿತ್ತು. ನಾನು ಅಂಗಳಕ್ಕೆ ಓಡಿ ಮೇಲಕ್ಕೆ ಕೂಗಿದೆ. ಭಾಯಿ ಚಪ್ಪಲಿ ಕೂಡ ಹಾಕದೆ ಕಾಫಿ ಗಿಡಗಳ ನಡುವೆ ನುಗ್ಗಿಕೊಂಡು ಬಂದರು. ತಮ್ಮ ಮನೆಯ ಡಬ್ಬಿ ಸರಿಯಿದೆ ಅಂದರು. ವಯರು ಅಲ್ಲಾಡಿಸಿದರು. ಯಜಮಾನ್ರೆ ಯಜಮಾನ್ರೆ ಅಂತ ಕಂಪ್ಯೂಟರನ್ನು ಬೇಡಿಕೊಂಡರು. ಹೊರಗೆ ಬಂದು ಸೂರು ನೋಡಿದರು. ಮಳೆ ಆಗಷ್ಟೇ ನಿಂತು ಹೊಳವಾಗಿತ್ತು, ಹೆಂಚಿನ ಮೇಲೆಲ್ಲ ಪಾಚಿ.

"ಏಣಿ ಹಿಡ್ಕಳಿ ಅಕ್ಕ."

ಬೇಡ ಅಂದೆ. ಭಾಬಿಗೆ ಏನು ಹೇಳಲಿ ಅಂದೆ. ಅಷ್ಟರಲ್ಲಿ ಅವರು ಅರ್ಧ ಹತ್ತಿಯಾಗಿತ್ತು. ನಾನು ಏಣಿ ಬಿಡುವ ಹಾಗಿಲ್ಲ. ಮೇಲಿನ ಮನೆಯ ಕಿಟಕಿಯಿಂದ ಭಾಬಿ ಕಂಡೇಬಿಟ್ಟರು.

"ಇಳೀತೀರೋ, ನಾನೇ ಬರ್ಲೋ?" ಅಂತ ಅಲ್ಲಿಂದಲೇ ಕೂಗಿದರು.

ಭಾಯಿ ಹೆಂಚಿನ ಮೇಲೆ ಬೋರಲು ಮಲಗಿದವರು ತಲೆ ಎತ್ತದೆ, "ಕೇಳಿಸ್ತಾ ಇಲ್ಲ ಅಂತ ಹೇಳಿ ಅಕ್ಕ" ಅಂದರು.

ಒಳಗೆ ಸೊಸೆ ಪರದೆಯ ಮುಂದೆ, ಅವಳ ತೊಡೆಯ ಮೇಲೆ ಪುಟ್ಟಿ. ಕಿಟಕಿಯಿಂದ ಇಬ್ಬರೂ ನನಗೆ ಕಾಣುತ್ತಿದ್ದರು. ಭಾಯಿ ಕಡ್ಡಿ ನೆನೆದಿದೆಯೋ ಅಂತ ನೋಡಲು ಟೋಪಿ ಎತ್ತಿದರು. ಒಳಗೆ ಟೀಚರಮ್ಮನ ದನಿ. ಸೊಸೆ 'ಬಂತು, ಬಂತು' ಅಂದಳು. ಕಡ್ಡಿ ನೆನೆದಿಲ್ಲ, ಒಣಗಿಯೇ ಇದೆ ಅಂತ ಭಾಯಿ ಖುಷಿಯಲ್ಲಿ ಟೋಪಿ ಮುಚ್ಚಿದರು. ಹೋಯಿತು. ಮತ್ತೆ ಎತ್ತಿದರು, ಬಂತು. ಮುಚ್ಚಿದರು, ಹೋಯಿತು. ನಾನು ಕತ್ತೆತ್ತಿ ನೋಡಿದೆ. ಭಾಯಿ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದರು.

"ಥೂ, ತಗಡು ಅಕ್ಕ. ನಾನೇ ಕಿವಿ ಇಟ್ಟೆ, ನಾನೇ ಮುಚ್ಚಿದೆ" ಅಂದರು.

ಹಳೆಯ ಏರಿಯಲ್ಲಿಗೆ ಆ ಟೋಪಿ ವಯರು ಸೇರುವ ಗಂಟಿನ ಮೇಲೆ ಮಾತ್ರ ಕೂರುತ್ತಿತ್ತು. ಈ ಪುಟ್ಟ ಕಡ್ಡಿ ಇಡಿಯಾಗಿ ಅದರೊಳಗೆ ಮುಳುಗಿಹೋಗಿತ್ತು. ತಗಡನ್ನು ದಾಟಿ ಗಾಳಿಯ ಸಿಗ್ನಲ್ ಹೇಗೆ ಬಂದೀತು? ಅಷ್ಟು ವರ್ಷ ಅವರ ಮಾನ ಕಾಪಾಡಿದ್ದನ್ನು ಅವರು ಅಂಗಳಕ್ಕೆ ಬಿಸುಟರು. ಅದು ಕೋಳಿಗಳ ನಡುವೆ ಬಿದ್ದು ಉರುಳಿತು. ಆಮೇಲೆ ದೊಡ್ಡದಾಗಿ, ಹಿಂದೆ ಸಿಲ್ವರ್ ಮರದ ಮೇಲಿನಿಂದ ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದರು.

"ಬಂತಾ?"

ಪುಟ್ಟಿ ತಲೆ ಎತ್ತಿದಳು. ಪರದೆ ನೋಡುತ್ತಿದ್ದ ಮಗು ಅದನ್ನು ಬಿಟ್ಟು ಮೇಲೆ, ಹೆಂಚಿನ ಕಡೆ, ಅವರು ಮಲಗಿದ್ದ ಜಾಗಕ್ಕೇ ನೋಡಿತು. ಕಾಣದ ಮನುಷ್ಯನ ದನಿಗೆ ಅವಳು ತಿರುಗಿದ್ದನ್ನು ನಾನು ಅದೇ ಮೊದಲು ಕಂಡದ್ದು. ಸೊಸೆ ಉತ್ತರ ಕೊಡಲು ಇನ್ನೂ ಬಾಯಿ ತೆರೆದಿದ್ದಳಷ್ಟೆ.

"ಬತ್ತು" ಅಂದಿತು ಮಗು.

ನಾನು ಏಣಿಯನ್ನು ಅಪ್ಪಿಕೊಂಡುಬಿಟ್ಟೆ. ಅವರಿಗೆ ಮೇಲೆ ಸರಿಯಾಗಿ ಗೊತ್ತಾಗಲಿಲ್ಲ. ಯಾರು ಅಂದದ್ದು ಅಂತ ಕೇಳಿದರು. ನಾನು ಕಿಟಕಿಯೊಳಗೆ ಪುಟ್ಟಿಯ ಕಡೆ ಕೈ ಮಾಡಿ ತೋರಿಸಿದೆ. ಅವರು ಹೆಂಚಿಗೆ ಕೆನ್ನೆ ಒತ್ತಿ ಇನ್ನೊಮ್ಮೆ, ಈ ಸಲ ಮೆಲ್ಲಗೆ, "ಬಂತಾ ಬೇಟಿ?" ಅಂದರು. "ಬತ್ತು" ಅಂದಳು. ಟೀಚರಮ್ಮನೂ ಪರದೆಯಲ್ಲಿ ಎದ್ದು ನಿಂತಿದ್ದರು. ಮೇಲಿರುವವರು ಯಾರೇ ಆಗಲಿ, ಇನ್ನೊಂದಿಷ್ಟು ಹೊತ್ತು ಕೂಗಲಿ, ಇವತ್ತಿನ ಪಾಠ ಅದೇ ಅಂದರು.

ಹಾಗಾಗಿ ನಮ್ಮ ಸೂರಿನ ಮೇಲೆ ಭಾಯಿ ಪಾಠ ಮಾಡಿದರು. ಭಾಬಿ ಬೈಯುತ್ತಲೇ ತೋಟ ಇಳಿದು ಬಂದವರು, ಒಳಗೆ ಏನಾಗುತ್ತಿದೆ ಅಂತ ಕಂಡ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಏಣಿಯ ಇನ್ನೊಂದು ಕಾಲು ಹಿಡಿದರು. ಪುಟ್ಟಿಯ ಖಾಲಿ ಪೌಡರ್ ಡಬ್ಬಿಯ ತಳ ಕತ್ತರಿಸಿ ಕಡ್ಡಿಗೆ ಮುಚ್ಚಿದ ಮೇಲೆಯೇ ಭಾಯಿ ಇಳಿದದ್ದು. ಪ್ಲಾಸ್ಟಿಕ್ ಸಿಗ್ನಲ್ಲನ್ನು ತಡೆಯುವುದಿಲ್ಲವಂತೆ. ಆ ಗುಲಾಬಿ ಡಬ್ಬಿ ಈಗಲೂ ನಮ್ಮ ಸೂರಿನ ಮೇಲಿದೆ. ಇಳಿದ ಮೇಲೆ ಗಂಡ ಹೆಂಡತಿಗೆ ಬಹಳ ದಿನ ಮಾತಿರಲಿಲ್ಲ. ನಾನು ಅಕ್ಕಿರೊಟ್ಟಿ, ಕಳಲೆ ಪಲ್ಯ ತೆಗೆದುಕೊಂಡು ಹೋಗಿ ನಡುವೆ ಕೂತು ರಾಜಿ ಮಾಡಿಸಬೇಕಾಯಿತು. ಆಣೆ ಮುರಿದದ್ದಕ್ಕೆ ಭಾಬಿ ಹೊಸ ಆಣೆ ಹಾಕಿಸಿಕೊಂಡರು, ಈ ಸಲ ತಮ್ಮ ಮನೆಯ ಏಣಿಯನ್ನೇ ಮಾರಿಸಿದರು. ಅವರು ಕೊನೆಯದಾಗಿ ಹತ್ತಿದ್ದು ನಮ್ಮ ಮನೆ.

ಆಮೇಲೆ ಪಾಠ ತಪ್ಪಲಿಲ್ಲ. ಬತ್ತು ಆದ ಮೇಲೆ ಕಾಗೆಗೆ ಕಾಕ ಬಂತು, ಅಮ್ಮ ಬಂತು, ಅಜ್ಜಿ ಬರಲು ಬಹಳ ಸತಾಯಿಸಿತು. ಅದು ಬಂದ ದಿನ ನಾನು ದನದ ಕೊಟ್ಟಿಗೆಯಲ್ಲಿದ್ದೆ, ಕೈಯ ಸಗಣಿ ಕೂಡ ತೊಳೆಯದೆ ಓಡಿದೆ. ಭಾಯಿ ದಿನಾ ಸಂಜೆ ಬಂದು ಜಗಲಿಯಲ್ಲಿ ಕೂತು ಅವಳ ಹತ್ತಿರ ಸುಮ್ಮನೆ ಏನಾದರೂ ಮಾತಾಡುತ್ತಿದ್ದರು, ಮಿಕ್ಸಿ ಯಾಕೆ ಕೆಡುತ್ತದೆ, ಗಿರಾಕಿಗಳು ಎಂಥ ಮೂರ್ಖರು, ಭಾಬಿ ಬೆಳಿಗ್ಗೆ ಏನೆಂದು ಬೈದರು ಅಂತೆಲ್ಲ. ಮಗುವಿಗೆ ಮಾತು ಬೇಕು ಅಂತ ಟೀಚರಮ್ಮ ಹೇಳಿದ್ದರಲ್ಲ, ಅದಕ್ಕೆ. ನನಗಂತೂ ಅಷ್ಟು ಮಾತು ಬರುವುದಿಲ್ಲ, ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವರ ಹತ್ತಿರ ಮಾತಿಗೆ ಬರವಿಲ್ಲ.

ಈ ವರ್ಷ ಪುಟ್ಟಿಯನ್ನು ಊರಿನ ಶಾಲೆಗೇ ಸೇರಿಸಿದೆವು. ಎಲ್ಲ ಮಕ್ಕಳು ಹೋಗುವ ಶಾಲೆಗೆ. ಮೊನ್ನೆ ಸಂಜೆ ಕರೆದುಕೊಂಡು ಬರಲು ಹೋದಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಕಲಿಯಲು ಆಗುತ್ತಿಲ್ಲ ಅನ್ನುತ್ತಾರೇನೋ, ಬಿಡಿಸಿಕೊಂಡು ಹೋಗಿ ಅನ್ನುತ್ತಾರೇನೋ. ಅವರು ಹಣೆ ಒತ್ತಿಕೊಂಡು, "ಅಜ್ಜಿ, ಸ್ವಲ್ಪ ಬುದ್ಧಿ ಹೇಳಿ ಇವಳಿಗೆ. ಪಾಠ ಮಾಡಕ್ಕೆ ಬಿಡಲ್ಲ, ಬಾಯಿ ಮುಚ್ಚೋದೇ ಇಲ್ಲ" ಅಂದರು.

ನಾನು ಸರಿ ಮೇಡಂ ಅಂದೆ. ಮುಖ ಸಪ್ಪಗೆ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಮಗುವನ್ನು ಎತ್ತಿಕೊಂಡು ಸೀದಾ ಭಾಯಿಯ ಅಂಗಡಿಗೆ ನಡೆದೆ. ಅವರು ಒಂದು ಇಸ್ತ್ರಿಪೆಟ್ಟಿಗೆಯ ಹೊಟ್ಟೆ ಬಗೆದು ಕೂತಿದ್ದರು. ಮೇಡಂ ದೂರು ಹೇಳಿದರು ಅಂದೆ. ಏನಂತೆ ಅಂದರು. ಹೇಳಿದೆ.

ಭಾಯಿ ಕೈಯಲ್ಲಿದ್ದುದನ್ನು ಕೆಳಗಿಟ್ಟು, "ಇನ್ನೊಂದ್ಸಲ ಹೇಳಿ ಅಕ್ಕ" ಅಂದರು.

ಇನ್ನೊಂದು ಸಲ ಹೇಳಿದೆ. ಒಳಗಿದ್ದ ಭಾಬಿಯನ್ನು ಕರೆದು ಅವರಿಗೂ ಹೇಳಿಸಿದರು. ರೀಚಾರ್ಜಿಗೆ ಬಂದ ಹುಡುಗಿಗೆ, ಮಿಕ್ಸಿ ಕೇಳಲು ಬಂದ ಮಾಸ್ತರರಿಗೆ, ಬಸ್ಸಿಗೆ ಕಾಯುತ್ತ ಮಳೆಗೆ ಒಳಗೆ ನಿಂತವರಿಗೆ, ಎಲ್ಲರಿಗೂ ನನ್ನ ಬಾಯಲ್ಲೇ ಹೇಳಿಸಿದರು. ಇವರೆಲ್ಲ ಕೇಳಿಸಿಕೊಳ್ಳುವಾಗ ಭಾಯಿ ಮೇಲೆ ನೋಡುತ್ತಿರಲಿಲ್ಲ, ಕತ್ತು ಬಗ್ಗಿಸಿ ಪುಟ್ಟಿಯನ್ನೇ ನೋಡುತ್ತಿದ್ದರು. ಪುಟ್ಟಿ ಅವರ ಟೆಸ್ಟರ್ ಕಿತ್ತುಕೊಂಡು, ಅದು ಏನು, ಇದು ಯಾಕೆ, ಇದರೊಳಗೆ ದೀಪ ಯಾರು ಇಟ್ಟರು ಅಂತ ಕೇಳುತ್ತ ಕೌಂಟರಿನ ಮೇಲೆ ಕೂತಿದ್ದಳು. ಕತ್ತಲಾಗುತ್ತ ಬಂತು, ಮನೆಯಲ್ಲಿ ಹಸು ಕರೆಯುವ ಹೊತ್ತು ಮೀರುತ್ತಿತ್ತು. ಅವಳ ಪ್ರಶ್ನೆ ಮುಗಿಯಲಿಲ್ಲ. ನಮ್ಮಿಬ್ಬರಿಗೂ ಅವಳನ್ನು ಸುಮ್ಮನಿರು ಅನ್ನುವ ಮನಸ್ಸು ಬರಲಿಲ್ಲ.